ಹಿಮಾಲಯದ ತಪ್ಪು ಮತ್ತು ನಮ್ಮ ಆಯ್ದ ನೆನಪು

ಯುದ್ಧದ ಬಗ್ಗೆ ಕನ್ನಡಿಗರು ಆಸಕ್ತಿಯಿಂದ ಓದಿದ ಪುಸ್ತಕಗಳ ಮಾತು ಬಂದಾಗ 'ಹಿಮಾಲಯನ್ ಬ್ಲಂಡರ್' ಹೆಸರು ಬಾರದೆ ಇರುವುದಿಲ್ಲ. ಬ್ರಿಗೇಡಿಯರ್ ಜಾನ್ ದಳವಿ 1969ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಈ ಕೃತಿಯನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು. ಅದು ಹಲವು ಮುದ್ರಣ ಕಂಡಿತು. ಕಾಲೇಜು ಹುಡುಗರಿಂದ ಹಿಡಿದು ನಿವೃತ್ತ ನೌಕರರವರೆಗೆ ಕೈಯಿಂದ ಕೈಗೆ ದಾಟಿತು. 1962ರ ಚೀನಾ ಯುದ್ಧವೆಂದರೆ ನಮ್ಮಲ್ಲಿ ಬಹಳ ಜನರಿಗೆ ಈ ಪುಸ್ತಕವೇ. ನೆಹರೂ, ಕೃಷ್ಣ ಮೆನನ್, ಜನರಲ್ ಕೌಲ್ ಎಂಬ ಮೂರು ಹೆಸರುಗಳ ಮೇಲೆ ಕನ್ನಡ ಓದುಗರಲ್ಲಿ ನೆಲೆಸಿರುವ ಸಿಟ್ಟಿನ ದೊಡ್ಡ ಪಾಲು ಇದರಿಂದಲೇ ಬಂದದ್ದು.

ಆ ಸಿಟ್ಟು ಅನ್ಯಾಯದ್ದಲ್ಲ. ದೇಶದ ಗಡಿ ಕಾಯಲು ಹೋದವರನ್ನು ಸರಕಾರವೊಂದು ಬರಿಗೈಯಲ್ಲಿ ನಿಲ್ಲಿಸಿದ್ದರೆ ಅದನ್ನು ಪ್ರಶ್ನಿಸುವುದು ಪ್ರಜೆಯ ಹಕ್ಕು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಅರವತ್ತು ವರ್ಷಗಳ ಹಿಂದಿನ ಸರಕಾರದ ಯುದ್ಧವೈಫಲ್ಯವನ್ನು ಹೀಗೆ ಬಿಡುಬೀಸಾಗಿ ಬಯ್ಯುವ ಓದುಗನೇ ಇಂದಿನ ಸರಕಾರವನ್ನು ಯಾರಾದರೂ ಅದೇ ಪ್ರಶ್ನೆ ಕೇಳಿದರೆ ಕೆಂಡವಾಗುತ್ತಾನೆ. 'ಇದು ಪ್ರಶ್ನೆ ಕೇಳುವ ಸಮಯವಲ್ಲ' ಎನ್ನುತ್ತಾನೆ. 'ಸೈನ್ಯದ ಸ್ಥೈರ್ಯ ಕುಗ್ಗುತ್ತದೆ' ಎನ್ನುತ್ತಾನೆ. ಕೇಳಿದವನ ಹೆಸರನ್ನೊಮ್ಮೆ ನೋಡಿ, ಅವನ ದೇಶವನ್ನೇ ಬೇರೆ ಮಾಡಿಬಿಡುವುದೂ ಉಂಟು. ಸತ್ತುಹೋದ ಪ್ರಧಾನಿಯನ್ನು ಪ್ರಶ್ನಿಸಿದರೆ ದೇಶಭಕ್ತಿ, ಬದುಕಿರುವ ಪ್ರಧಾನಿಯನ್ನು ಪ್ರಶ್ನಿಸಿದರೆ ದೇಶದ್ರೋಹ ಎಂಬ ಈ ಲೆಕ್ಕ ಎಲ್ಲಿಂದ ಬಂತು? ಅದಕ್ಕೆ ಉತ್ತರ ಹುಡುಕಬೇಕಾದರೆ 1962ಕ್ಕೇ ಮರಳಬೇಕು. ಏಕೆಂದರೆ ನಾವು ಆ ವರ್ಷದ ಸೋಲನ್ನು ನೆನಪಿಟ್ಟುಕೊಂಡಿದ್ದೇವೆ, ಆ ವರ್ಷದ ಪ್ರಶ್ನೆಗಳನ್ನು ಮರೆತಿದ್ದೇವೆ.

ದಳವಿ ದೂರದಲ್ಲಿ ಕುಳಿತು ಬರೆದ ಇತಿಹಾಸಕಾರರಲ್ಲ. ಈಗಿನ ಅರುಣಾಚಲದ, ಆಗಿನ ನೇಫಾದ ನಮ್ಕಾ ಚೂ ಕಣಿವೆಯಲ್ಲಿದ್ದ ಏಳನೆಯ ಬ್ರಿಗೇಡಿನ ದಂಡನಾಯಕರಾಗಿದ್ದವರು. ಎತ್ತರದ ಥಗ್ ಲಾ ಏಣಿನಲ್ಲಿ ಚೀನೀಯರು, ಕೆಳಗಿನ ಹೊಳೆಯಂಚಿನಲ್ಲಿ ನಮ್ಮವರು. ಚಳಿಗೆ ತಕ್ಕ ಬಟ್ಟೆಯಿಲ್ಲ, ಸಾಕಷ್ಟು ಮದ್ದುಗುಂಡಿಲ್ಲ, ಸಾಮಗ್ರಿ ಬರಬೇಕಾದರೆ ವಿಮಾನದಿಂದ ಕೆಳಗೆಸೆಯಬೇಕು, ಎಸೆದದ್ದರಲ್ಲಿ ಎಷ್ಟೋ ಕಣಿವೆಯ ಪಾಲು. ಇಂಥ ಸ್ಥಿತಿಯಲ್ಲಿ ಮೇಲಿನಿಂದ ಬಂದ ಆದೇಶ ಚೀನೀಯರನ್ನು ಅಲ್ಲಿಂದ ತೆರವುಗೊಳಿಸಿ ಎಂಬುದು. ಅಕ್ಟೋಬರ್ 12ರಂದು ಸಿಲೋನಿಗೆ ಹೊರಟಿದ್ದ ನೆಹರೂ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ, ನಮ್ಮ ನೆಲವನ್ನು ತೆರವು ಮಾಡಿಸಲು ಸೇನೆಗೆ ಸೂಚನೆ ಕೊಡಲಾಗಿದೆ ಎಂದುಬಿಟ್ಟರು. ಎಂಟು ದಿನಗಳ ನಂತರ, ಅಕ್ಟೋಬರ್ 20ರ ಮುಂಜಾನೆ ಚೀನೀ ಸೇನೆ ಎರಗಿತು. ಬ್ರಿಗೇಡು ಕೆಲವೇ ಗಂಟೆಗಳಲ್ಲಿ ಚೆಲ್ಲಾಪಿಲ್ಲಿಯಾಯಿತು. 22ರಂದು ದಳವಿ ಸೆರೆ ಸಿಕ್ಕರು. ಆರು ತಿಂಗಳಿಗೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದು ಮರಳಿದರು. ಒಂದು ತಿಂಗಳ ಯುದ್ಧದಲ್ಲಿ ಭಾರತ ಅಧಿಕೃತ ಲೆಕ್ಕದಂತೆ 1,383 ಸೈನಿಕರನ್ನು ಕಳೆದುಕೊಂಡಿತು. ಕಾಣೆಯಾದವರು ಸಾವಿರದ ಆರುನೂರಕ್ಕೂ ಹೆಚ್ಚು, ಸೆರೆಯಾದವರು ನಾಲ್ಕು ಸಾವಿರದ ಹತ್ತಿರ.

ಈ ಪುಸ್ತಕದ ಬಲ ಇರುವುದು ಇಲ್ಲಿ. ಅದು ಕಂಡವನ ಮಾತು, ಉಂಡವನ ಮಾತು. ರಾಜಕಾರಣಿಗಳನ್ನಷ್ಟೇ ಅಲ್ಲ, ಅವರ ಮಾತಿಗೆ ತಲೆಯಾಡಿಸಿದ ಸೇನಾಧಿಕಾರಿಗಳನ್ನೂ ದಳವಿ ಬಿಡುವುದಿಲ್ಲ. 'ಇದು ಆಗದ ಕೆಲಸ' ಎಂದು ಹೇಳಬೇಕಾದವರು ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ ಎಂಬ ನೋವು ಅದರ ತಿರುಳು. ಅಂದರೆ ಇದು ಮೂಲತಃ ಮೌನದ ವಿರುದ್ಧ ಬರೆದ ಪುಸ್ತಕ. ನಮ್ಮ ಓದುಗರು ಅದರಿಂದ ಎತ್ತಿಕೊಂಡದ್ದು ಮಾತ್ರ ಖಳನಾಯಕರ ಹೆಸರುಗಳನ್ನು. ಅಧಿಕಾರದ ಎದುರು ಬಾಯಿ ಮುಚ್ಚಿಕೊಂಡರೆ ಕಣಿವೆಯಲ್ಲಿ ನಿಂತವನು ಸಾಯುತ್ತಾನೆ ಎಂಬ ಪಾಠವನ್ನು ಅಲ್ಲೇ ಬಿಟ್ಟುಬಂದರು. ಪುಸ್ತಕಕ್ಕೂ ಒಂದು ಮಿತಿಯಿದೆ. ಕಣಿವೆಯಲ್ಲಿದ್ದವರಿಗೆ, ಆಮೇಲೆ ಶತ್ರುವಿನ ಸೆರೆಯಲ್ಲಿದ್ದವರಿಗೆ ದಿಲ್ಲಿಯಲ್ಲಿ ಅದೇ ಹೊತ್ತಿಗೆ ಏನು ನಡೆಯುತ್ತಿತ್ತು ಎಂಬುದು ಕಾಣುವಂತಿರಲಿಲ್ಲ. ದಿಲ್ಲಿಯಲ್ಲಿ ನಡೆದದ್ದು ಸಾಮಾನ್ಯದ್ದಲ್ಲ.

ಅದಕ್ಕೆ ಮುಂಚೆ ನಮ್ಮ ಕೊಡಗಿನ ಒಬ್ಬರ ಮಾತು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಮೆನನ್ ಜೊತೆಗಿನ ಭಿನ್ನಾಭಿಪ್ರಾಯ ಮಿತಿಮೀರಿ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿ ಹಿಂದೆಗೆಸಿಕೊಂಡರು. ಆದರೆ ಎರಡು ದಿನಗಳ ನಂತರ ಲೋಕಸಭೆಯಲ್ಲಿ ತಿಮ್ಮಯ್ಯನವರ ನಡೆಯನ್ನೇ ತಪ್ಪೆಂಬಂತೆ ಮಾತಾಡಿದರು. ನಿವೃತ್ತರಾದ ಮೇಲೆ ತಿಮ್ಮಯ್ಯ 'ಸೆಮಿನಾರ್' ಪತ್ರಿಕೆಯ 1962ರ ಜುಲೈ ಸಂಚಿಕೆಯಲ್ಲಿ, ಭಾರತ ಒಂಟಿಯಾಗಿ ಚೀನಾದೊಡನೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾವು ಕಲ್ಪಿಸಿಕೊಳ್ಳಲಾರೆ, ಗಡಿಯ ವಿವಾದವನ್ನು ರಾಜಕೀಯವಾಗಿ ನಿಭಾಯಿಸಬೇಕು ಎಂಬ ಅರ್ಥದಲ್ಲಿ ಬರೆದರು. ಯುದ್ಧ ಶುರುವಾಗುವುದಕ್ಕೆ ಮೂರು ತಿಂಗಳ ಹಿಂದಿನ ಮಾತಿದು. ಸಮವಸ್ತ್ರ ಕಳಚಿ ಪ್ರಜೆಯಾದ ಮೇಲೆ ಒಬ್ಬ ಸೇನಾನಿ ಸಾರ್ವಜನಿಕವಾಗಿ ಕೊಟ್ಟ ಎಚ್ಚರಿಕೆ. ಅದನ್ನು ಅಳುಬುರುಕತನವೆಂದು ಕರೆಯಬಹುದಿತ್ತು. ಅಕ್ಟೋಬರ್ ಬಂದಾಗ ಅದು ಕಣ್ಣಿದ್ದವನ ಮಾತಾಗಿತ್ತೆಂದು ಗೊತ್ತಾಯಿತು.

ಈಗ ದಿಲ್ಲಿಗೆ ಬರೋಣ. ಸೋಲಿನ ಸುದ್ದಿ ಬರತೊಡಗಿದಾಗ ಮೆನನ್ ರಾಜೀನಾಮೆ ಕೊಡಬೇಕೆಂಬ ಕೂಗು ಎದ್ದದ್ದು ವಿರೋಧ ಪಕ್ಷಗಳಿಂದ ಮಾತ್ರವಲ್ಲ, ಕಾಂಗ್ರೆಸ್ಸಿನ ಒಳಗಿನಿಂದಲೂ. ಅಕ್ಟೋಬರ್ ಕೊನೆಗೆ ರಕ್ಷಣಾ ಖಾತೆ ಹೋಯಿತು. ನವೆಂಬರ್ 7ಕ್ಕೆ ಅವರು ಮಂತ್ರಿಮಂಡಲದಿಂದಲೇ ಹೊರಬಿದ್ದರು. ಅವರು ನೆಹರೂಗೆ ಎಷ್ಟು ಬೇಕಾದವರೆಂದು ಬಲ್ಲವರಿಗೆ ಇದರ ತೂಕ ಗೊತ್ತು. ಆಗ ರಾಜ್ಯಸಭೆಯಲ್ಲಿದ್ದ ಜನಸಂಘದ ತರುಣ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಸಂಸತ್ತನ್ನು ಕೂಡಲೇ ಕರೆಯಬೇಕೆಂದು ಒತ್ತಾಯಿಸಿದರು. ಸರಕಾರ ಒಪ್ಪಿತು. ಗುಂಡಿನ ಸದ್ದು ನಿಲ್ಲುವ ಮೊದಲೇ, ನವೆಂಬರ್ 8ರಂದು ಸಂಸತ್ತು ಸೇರಿತು. ಕಲಾಪವನ್ನು ಗುಪ್ತವಾಗಿ ನಡೆಸೋಣವೆಂಬ ಸಲಹೆಯೂ ಬಂತು. ನೆಹರೂ ಒಪ್ಪಲಿಲ್ಲ. ಜನರಿಗೆ ತಿಳಿಯಬೇಕು ಎಂಬುದು ಅವರ ನಿಲುವು. ದಿನಗಟ್ಟಲೆ ಚರ್ಚೆ ನಡೆಯಿತು. ನೂರಕ್ಕೂ ಹೆಚ್ಚು ಸದಸ್ಯರು ಮಾತಾಡಿದರು. ಪ್ರಧಾನಿಯನ್ನು ಮುಖಕ್ಕೆ ಮುಖ ಕೊಟ್ಟು ಟೀಕಿಸಿದರು. ಇದಕ್ಕೆ ಮೊದಲೇ ನೆಹರೂ, ನಾವು ನಮ್ಮದೇ ಕಲ್ಪನೆಯ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂದು ಬಹಿರಂಗವಾಗಿ ಒಪ್ಪಿಕೊಂಡಿದ್ದರು. ಚೀನಾ ಏಕಪಕ್ಷೀಯ ಕದನವಿರಾಮ ಘೋಷಿಸಿದ್ದು ನವೆಂಬರ್ 21ರಂದು. ಅಂದರೆ ಈ ಪ್ರಶ್ನೋತ್ತರವೆಲ್ಲ ನಡೆದದ್ದು ಯುದ್ಧದ ನಡುವೆ. ಸೈನ್ಯದ ಸ್ಥೈರ್ಯ ಕುಗ್ಗಿದ್ದು ಬಟ್ಟೆ, ಬಂದೂಕು ಇಲ್ಲದ್ದರಿಂದಲೇ ಹೊರತು ಸಂಸತ್ತಿನ ಮಾತಿನಿಂದಲ್ಲ.

ಮತದಾರನೂ ಸುಮ್ಮನಿರಲಿಲ್ಲ. 1963ರಲ್ಲಿ ನಡೆದ ಉಪಚುನಾವಣೆಗಳಲ್ಲಿ ಅಮ್ರೋಹಾದಿಂದ ಜೆ.ಬಿ. ಕೃಪಲಾನಿ, ಫರೂಕಾಬಾದಿನಿಂದ ರಾಮಮನೋಹರ ಲೋಹಿಯಾ, ರಾಜಕೋಟದಿಂದ ಮಿನೂ ಮಸಾನಿ ಗೆದ್ದುಬಂದರು. ಮೂವರೂ ನೆಹರೂ ನೀತಿಯ ಕಟು ಟೀಕಾಕಾರರು. ಆ ವರ್ಷದ ಆಗಸ್ಟಿನಲ್ಲಿ ಕೃಪಲಾನಿ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದರು. ಪರವಾಗಿ ಬಿದ್ದದ್ದು 62 ಮತ, ವಿರೋಧವಾಗಿ 347. ಬೀಳುವುದು ಮೊದಲೇ ಗೊತ್ತಿದ್ದ ಗೊತ್ತುವಳಿ. ಆದರೂ ಯಾರೂ ಕೃಪಲಾನಿಯವರನ್ನು ಬೀಜಿಂಗಿಗೆ ಹೋಗೆನ್ನಲಿಲ್ಲ. ಪ್ರಧಾನಿ ಸದನದಲ್ಲಿ ಕುಳಿತು ಕೇಳಿಸಿಕೊಂಡರು, ಉತ್ತರ ಕೊಟ್ಟರು.

ಹಾಗೆಂದು 1962ನ್ನು ಸುವರ್ಣಯುಗವೆಂದು ಕೊಂಡಾಡುವ ಅಗತ್ಯವಿಲ್ಲ. ಅದರ ಇನ್ನೊಂದು ಮುಖ ಕರಾಳ. ಅಕ್ಟೋಬರ್ 26ರಂದು ಘೋಷಿಸಿದ ತುರ್ತುಸ್ಥಿತಿಯನ್ನು ತೆಗೆದದ್ದು 1968ರ ಜನವರಿಯಲ್ಲಿ. ಯುದ್ಧ ನಡೆದದ್ದು ಒಂದು ತಿಂಗಳು, ತುರ್ತುಸ್ಥಿತಿ ಇದ್ದದ್ದು ಐದು ವರ್ಷಕ್ಕೂ ಮಿಕ್ಕಿ. ಭಾರತ ರಕ್ಷಣಾ ನಿಯಮಗಳಡಿ ಕಮ್ಯುನಿಸ್ಟರನ್ನು ಜೈಲಿಗೆ ತಳ್ಳಲಾಯಿತು. ಎಲ್ಲಕ್ಕಿಂತ ನೋವಿನ ಸಂಗತಿ, ಅಸ್ಸಾಮು, ಬಂಗಾಳದ ಕಡೆ ತಲೆಮಾರುಗಳಿಂದ ಬದುಕಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ಮನೆಗಳಿಂದ ಎಬ್ಬಿಸಿ ರೈಲು ಹತ್ತಿಸಿ ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಂಗಸರು, ಮಕ್ಕಳು, ಮುದುಕರು ಇದ್ದರು. ಚಹಾ ತೋಟದ ಬಡಗಿಗಳು, ಚಪ್ಪಲಿ ಹೊಲಿಯುವವರು, ಸಣ್ಣ ಅಂಗಡಿಯವರು. ಅವರ ತಪ್ಪು ಮುಖಚಹರೆ ಮಾತ್ರ. ಕೆಲವರು ವರ್ಷಗಟ್ಟಲೆ ಅಲ್ಲೇ ಕೊಳೆತರು. ಮರಳಿದವರಿಗೆ ಮನೆ, ಅಂಗಡಿ ಇರಲಿಲ್ಲ. ಥಗ್ ಲಾ ಕೆಳಗೆ ಬ್ರಿಗೇಡು ಸೋತದ್ದಕ್ಕೂ ಮಾಕುಮ್ ಪೇಟೆಯ ಬಡಗಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಉತ್ತರ ಕೊಡಬೇಕಾದವರಿಗೆ ಆರೋಪಿಯೊಬ್ಬ ಬೇಕಾಗುತ್ತಾನೆ. ಅಂಥ ಹೊತ್ತಿನಲ್ಲಿ ಎಲ್ಲರಿಗಿಂತ ಸುಲಭವಾಗಿ ಸಿಗುವವನು ಅಲ್ಪಸಂಖ್ಯಾತ. 'ಹಿಮಾಲಯನ್ ಬ್ಲಂಡರ್' ಓದಿ ಕಣ್ಣೀರು ಹಾಕಿದ ನಮಗೆ ದೇವಳಿಯ ಹೆಸರೇ ಗೊತ್ತಿಲ್ಲ. ಅದು ಕೂಡ 1962ರ ಹಿಮಾಲಯದಷ್ಟು ದೊಡ್ಡ ತಪ್ಪು.

ಇನ್ನೊಂದು ತಪ್ಪು ಇಂದಿಗೂ ಮುಂದುವರಿದಿದೆ. ಸೋಲಿನ ಕಾರಣ ಹುಡುಕಲು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಅವರನ್ನು ನೇಮಿಸಲಾಗಿತ್ತು. 1963ರಲ್ಲಿ ಅವರು ವರದಿ ಕೊಟ್ಟರು. ಆಗಿನ ರಕ್ಷಣಾ ಸಚಿವ ವೈ.ಬಿ. ಚವಾಣ್ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ಅದರ ಸಾರಾಂಶ ಹೇಳಿದರು. ವರದಿ ಮಾತ್ರ ಕಪಾಟು ಸೇರಿತು. 2010ರಲ್ಲಿ ಕಾಂಗ್ರೆಸ್ಸಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಅದರ ವಿವರಗಳು ಇಂದಿಗೂ ಸೂಕ್ಷ್ಮ, ಸೇನಾ ಕಾರ್ಯಾಚರಣೆಯ ದೃಷ್ಟಿಯಿಂದ ಮಹತ್ವದ್ದು ಎಂದರು. 2014ರ ಮಾರ್ಚಿನಲ್ಲಿ ಆಸ್ಟ್ರೇಲಿಯಾ ಮೂಲದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ತಮ್ಮಲ್ಲಿದ್ದ ಅದರ ದೊಡ್ಡ ಭಾಗವನ್ನು ಅಂತರ್ಜಾಲದಲ್ಲಿ ಹಾಕಿದಾಗ, ಆಗ ವಿರೋಧ ಪಕ್ಷದಲ್ಲಿದ್ದ ಭಾಜಪದ ಅರುಣ್ ಜೇಟ್ಲಿ ಇಂಥ ದಾಖಲೆಗಳನ್ನು ಎಂದೆಂದಿಗೂ ಮುಚ್ಚಿಡುವುದು ಸರಿಯೇ ಎಂದು ಪ್ರಶ್ನಿಸಿದರು. ನಾಲ್ಕು ತಿಂಗಳೊಳಗೆ ಅವರೇ ರಕ್ಷಣಾ ಸಚಿವರಾದರು. ಜುಲೈಯಲ್ಲಿ ರಾಜ್ಯಸಭೆಗೆ ಅವರು ಕೊಟ್ಟ ಉತ್ತರ: ವರದಿ ಬಹಿರಂಗಪಡಿಸುವುದು ರಾಷ್ಟ್ರಹಿತವಲ್ಲ. ನೆಹರೂ ತಪ್ಪನ್ನು ಚುನಾವಣಾ ಸಭೆಗಳಲ್ಲಿ ಹೇಳಬಹುದು. ಆ ತಪ್ಪಿನ ಅಧಿಕೃತ ದಾಖಲೆಯನ್ನು ಪ್ರಜೆ ಓದಬಾರದು! ಕುರ್ಚಿಯ ಬಣ್ಣ ಬದಲಾದರೂ ಕಪಾಟಿನ ಬೀಗ ಬದಲಾಗಲಿಲ್ಲ.

ಕಾರ್ಗಿಲ್ಲಿನ ಕಥೆ ನೋಡೋಣ. 1999ರ ಮೇ ತಿಂಗಳಲ್ಲಿ ನಮ್ಮ ಶಿಖರಗಳ ಮೇಲೆ ಪಾಕಿಸ್ತಾನಿ ಸೈನಿಕರು ಕುಳಿತಿದ್ದಾರೆಂದು ತಿಳಿಯಿತು. ಬಂದು ಕೂರುವವರೆಗೆ ತಿಳಿಯಲಿಲ್ಲ ಏಕೆ ಎಂಬ ಪ್ರಶ್ನೆ ಸಹಜವಾಗಿತ್ತು. ಲೋಕಸಭೆ ವಿಸರ್ಜನೆಯಾಗಿದ್ದರಿಂದ ರಾಜ್ಯಸಭೆಯ ಅಧಿವೇಶನವನ್ನಾದರೂ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು. ಅಂದಿನ ಪ್ರಧಾನಿ ಕರೆಯಲಿಲ್ಲ. ಆ ಪ್ರಧಾನಿ ಬೇರಾರೂ ಅಲ್ಲ, 1962ರಲ್ಲಿ ಅಧಿವೇಶನ ಕೇಳಿ ಪಡೆದ ಅದೇ ವಾಜಪೇಯಿ. 527 ಯೋಧರು ಜೀವ ಕೊಟ್ಟು ಶಿಖರಗಳನ್ನು ಮರಳಿ ಗೆದ್ದರು. ವಾಜಪೇಯಿ ಸರಕಾರಕ್ಕೆ ನ್ಯಾಯವಾಗಿ ಸಲ್ಲಬೇಕಾದ ಹಿರಿಮೆಯೂ ಒಂದಿದೆ. ಯುದ್ಧ ಮುಗಿದ ಕೂಡಲೇ ಜುಲೈ 29ರಂದು ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ರಚಿಸಿತು. ಐದು ತಿಂಗಳಲ್ಲಿ ವರದಿ ಬಂತು. 2000ದ ಫೆಬ್ರವರಿಯಲ್ಲಿ, ಕೆಲವು ಭಾಗಗಳನ್ನು ತಡೆಹಿಡಿದು, ಸಂಸತ್ತಿನ ಮುಂದಿಟ್ಟಿತು. ಬೇಹುಗಾರಿಕೆಯ ಲೋಪಗಳನ್ನು ಸಮಿತಿ ಎತ್ತಿ ತೋರಿಸಿತು. ಅದರ ಫಲವಾಗಿ ಮಂತ್ರಿಗಳ ತಂಡ ರಚನೆಯಾಯಿತು, ರಕ್ಷಣಾ ಬೇಹುಗಾರಿಕಾ ಸಂಸ್ಥೆ ಹುಟ್ಟಿತು, ಮೂರು ಪಡೆಗಳಿಗೊಬ್ಬ ಮುಖ್ಯಸ್ಥ ಬೇಕೆಂಬ ಶಿಫಾರಸು ಬಂತು. ಆ ಶಿಫಾರಸು ಜಾರಿಯಾದದ್ದು 2020ರ ಜನವರಿಯಲ್ಲಿ ಎನ್ನುವುದು ಬೇರೆ ಮಾತು. ಪ್ರಶ್ನೆ ಕೇಳಿದರೆ ದೇಶ ದುರ್ಬಲವಾಗುವುದಿಲ್ಲ, ಬಲಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಆ ಸಮಿತಿ ಯಾರನ್ನೂ ಹೊಣೆ ಮಾಡಲಿಲ್ಲ. ಅದು ಅದರ ಕೆಲಸವೂ ಆಗಿರಲಿಲ್ಲ. ಶಿಕ್ಷೆಯಾದದ್ದು ಕೆಳಗಿನವರಿಗೆ. ಎಚ್ಚರಿಕೆ ಕೊಟ್ಟಿದ್ದೆ ಎಂದು ವಾದಿಸಿದ ಬ್ರಿಗೇಡಿಯರ್ ಸುರಿಂದರ್ ಸಿಂಗ್ ಹುದ್ದೆ ಕಳೆದುಕೊಂಡರು. 2001ರ ಡಿಸೆಂಬರಿನಲ್ಲಿ ಮಹಾಲೇಖಪಾಲರ ವರದಿ ಬಂದಾಗ, ಕಾರ್ಗಿಲ್ ಯುದ್ಧಕ್ಕೆಂದು ತುರ್ತಾಗಿ ಕೊಂಡ ಸಾಮಗ್ರಿಯ ಬಹುಪಾಲು ಯುದ್ಧ ಮುಗಿದ ಮೇಲೆ ಬಂದದ್ದು ಬಯಲಾಯಿತು. ಶವಪೆಟ್ಟಿಗೆಗಳ ಖರೀದಿಯ ಬಗ್ಗೆಯೂ ಆಕ್ಷೇಪ ಬಂತು. ರಕ್ಷಣಾ ಸಚಿವರಾಗಿದ್ದ ಮಂಗಳೂರು ಮೂಲದ ಜಾರ್ಜ್ ಫೆರ್ನಾಂಡಿಸ್ ತೀವ್ರ ಟೀಕೆ ಎದುರಿಸಿದರು. ಅವರ ಮೇಲೆ ಯಾವ ಅಪರಾಧವೂ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಪ್ರಶ್ನೆ ಕೇಳುವ ಹಕ್ಕಿನ ಜೊತೆ ಉತ್ತರವನ್ನು ಒಪ್ಪುವ ಪ್ರಾಮಾಣಿಕತೆಯೂ ಇರಬೇಕು.

ಸೈನಿಕರನ್ನು ಶಿಕ್ಷಿಸಿ ಮಂತ್ರಿಗಳನ್ನು ಉಳಿಸುವ ಈ ಪದ್ಧತಿ ನಮ್ಮದೊಂದೇ ದೇಶದ್ದಲ್ಲ. 1973ರ ಅಕ್ಟೋಬರಿನಲ್ಲಿ ಈಜಿಪ್ಟ್ ಮತ್ತು ಸಿರಿಯಾ ದಾಳಿ ಮಾಡಿದಾಗ ಇಸ್ರೇಲ್ ಕಣ್ಣುಮುಚ್ಚಿ ಕುಳಿತಿತ್ತು. ಎರಡೂವರೆ ಸಾವಿರಕ್ಕೂ ಹೆಚ್ಚು ಇಸ್ರೇಲಿ ಸೈನಿಕರು ಸತ್ತರು. ವಿಚಾರಣೆಗೆ ನೇಮಕಗೊಂಡ ಅಗ್ರನಾತ್ ಆಯೋಗ 1974ರ ಏಪ್ರಿಲಿನಲ್ಲಿ ಸೇನಾ ಮುಖ್ಯಸ್ಥ ಎಲಜಾರ್, ಬೇಹುಗಾರಿಕೆಯ ಮುಖ್ಯಸ್ಥ ಜೈರಾ ಮೊದಲಾದವರನ್ನು ದೂಷಿಸಿ, ಪ್ರಧಾನಿ ಗೋಲ್ಡಾ ಮೈರ್ ಮತ್ತು ರಕ್ಷಣಾ ಸಚಿವ ಮೋಶೆ ದಯಾನರನ್ನು ಬಿಟ್ಟುಬಿಟ್ಟಿತು. ಆದರೆ ಜನ ಬಿಡಲಿಲ್ಲ. ಸುಯೆಜ್ ದಂಡೆಯ ಠಾಣೆಯೊಂದನ್ನು ಕೊನೆಯವರೆಗೂ ಉಳಿಸಿಕೊಂಡಿದ್ದ ಮೋಟಿ ಅಶ್ಕೆನಾಜಿ ಎಂಬ ಮೀಸಲು ಪಡೆಯ ಕ್ಯಾಪ್ಟನ್ ಪ್ರಧಾನಿ ಕಚೇರಿಯ ಮುಂದೆ ಒಂಟಿಯಾಗಿ ಧರಣಿ ಕುಳಿತ. ದಿನ ಕಳೆದಂತೆ ಸಾವಿರಾರು ಮಂದಿ ಸೇರಿದರು. ವರದಿ ಬಂದ ಹತ್ತೇ ದಿನಗಳಲ್ಲಿ ಮೈರ್ ರಾಜೀನಾಮೆ ಘೋಷಿಸಿದರು. ಆದರೂ ಆ ಸಿಟ್ಟು ಒಂದು ಗೆರೆ ದಾಟಲಿಲ್ಲ. 'ನಮಗೇಕೆ ಎಚ್ಚರಿಕೆ ಸಿಗಲಿಲ್ಲ' ಎಂದು ಕೇಳಿದಷ್ಟು ಜೋರಾಗಿ, 'ಪರರ ನೆಲದಲ್ಲಿ ನಾವೇಕೆ ಕುಳಿತಿದ್ದೇವೆ' ಎಂದು ಕೇಳಲಿಲ್ಲ. ಲೋಪವನ್ನು ಪ್ರಶ್ನಿಸಿ ನೀತಿಯನ್ನು ಪ್ರಶ್ನಿಸದೆ ಬಿಟ್ಟರೆ ಮುಂದಿನ ಯುದ್ಧ ಬಾಗಿಲಲ್ಲೇ ಕಾಯುತ್ತಿರುತ್ತದೆ. ಇಸ್ರೇಲಿನ ಮುಂದಿನ ಐವತ್ತು ವರ್ಷಗಳು ಅದನ್ನೇ ಹೇಳುತ್ತವೆ.

ನಮ್ಮಲ್ಲಿ ಜನ ಬೀದಿಗಿಳಿದು ಭದ್ರತಾ ವೈಫಲ್ಯವನ್ನು ಪ್ರಶ್ನಿಸಿದ ದೊಡ್ಡ ಸಂದರ್ಭ 2008ರ ಮುಂಬೈ ದಾಳಿ. 166 ಜನರ ಸಾವಿನ ನಂತರ ಡಿಸೆಂಬರ್ 3ರಂದು ಸಾವಿರಾರು ಮಂದಿ ಗೇಟ್‌ವೇ ಆಫ್ ಇಂಡಿಯಾದ ಬಳಿ ಸೇರಿದರು. ಎಲ್ಲ ಧರ್ಮದವರೂ ಇದ್ದರು. ಸತ್ತ ದಾಳಿಕೋರರಿಗೆ ನಮ್ಮ ಕಬರಸ್ಥಾನದಲ್ಲಿ ಜಾಗವಿಲ್ಲ ಎಂದು ಮುಂಬೈಯ ಮುಸ್ಲಿಮರು ಹೇಳಿದ್ದೂ ಅದೇ ದಿನಗಳಲ್ಲಿ. ಕೇಂದ್ರ ಗೃಹಸಚಿವ ಶಿವರಾಜ ಪಾಟೀಲ, ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್, ರಾಜ್ಯ ಗೃಹಸಚಿವ ಆರ್.ಆರ್. ಪಾಟೀಲ ರಾಜೀನಾಮೆ ಕೊಟ್ಟರು. ಇಷ್ಟರ ಮಟ್ಟಿಗೆ ಜನರ ಸಿಟ್ಟು ಫಲ ಕೊಟ್ಟಿತು. ಆದರೆ ಅದೇ ತಿಂಗಳು ಸಂಸತ್ತು ಅಕ್ರಮ ಚಟುವಟಿಕೆ ತಡೆ ಕಾಯ್ದೆಗೆ ತಿದ್ದುಪಡಿ ತಂದು, ಆರೋಪಪಟ್ಟಿಯಿಲ್ಲದೆ 180 ದಿನ ಸೆರೆಯಲ್ಲಿಡುವ ಅಧಿಕಾರ ಕೊಟ್ಟಿತು, ಜಾಮೀನನ್ನು ಗಗನಕುಸುಮ ಮಾಡಿತು. ಕರಾವಳಿ ಕಾವಲಿಗೆ ದೋಣಿಗಳಿರಲಿಲ್ಲ, ಪೊಲೀಸರಿಗೆ ಸರಿಯಾದ ಕವಚಗಳಿರಲಿಲ್ಲ, ಬಂದ ಮುನ್ಸೂಚನೆ ತಲುಪಬೇಕಾದಲ್ಲಿಗೆ ತಲುಪಲಿಲ್ಲ. ಇದು ಆಡಳಿತದ ಲೋಪ. ಅದಕ್ಕೆ ಪರಿಹಾರವಾಗಿ ಕಿತ್ತುಕೊಂಡದ್ದು ಪ್ರಜೆಯ ಸ್ವಾತಂತ್ರ್ಯವನ್ನು. ದೋಣಿಯಿಲ್ಲದ್ದಕ್ಕೆ ಜಾಮೀನಿಲ್ಲ!

ಇದರ ಬೆಲೆ ಯಾರು ತೆರುತ್ತಾರೆ ಎಂಬುದಕ್ಕೆ ಅಕ್ಷರಧಾಮದ ಪ್ರಕರಣ ಸಾಕು. 2002ರ ಸೆಪ್ಟೆಂಬರಿನಲ್ಲಿ ಗಾಂಧಿನಗರದ ದೇಗುಲದ ಮೇಲೆ ಘೋರ ದಾಳಿ ನಡೆಯಿತು. ಕೆಳ ನ್ಯಾಯಾಲಯಗಳು ಆರು ಮಂದಿ ಮುಸ್ಲಿಮರನ್ನು ಅಪರಾಧಿಗಳೆಂದವು, ಮೂವರಿಗೆ ಗಲ್ಲು ವಿಧಿಸಿದವು. 2014ರ ಮೇ 16ರಂದು ಸುಪ್ರೀಂ ಕೋರ್ಟು ಆರೂ ಮಂದಿಯನ್ನು ಖುಲಾಸೆ ಮಾಡಿ, ತನಿಖೆಯನ್ನೂ ಮೊಕದ್ದಮೆಗೆ ಅನುಮತಿ ಕೊಟ್ಟ ರೀತಿಯನ್ನೂ ಕಟುವಾಗಿ ಟೀಕಿಸಿತು. ಒಂದು ದಶಕ ಕಳೆದುಹೋಗಿತ್ತು. ದಾಳಿಯಲ್ಲಿ ಬಂಧುಗಳನ್ನು ಕಳೆದುಕೊಂಡ ಹಿಂದೂ ಕುಟುಂಬಗಳಿಗೂ ನ್ಯಾಯ ಸಿಗಲಿಲ್ಲ, ನಿರಪರಾಧಿಗಳಿಗೂ ಹೋದ ವರ್ಷಗಳು ಬರಲಿಲ್ಲ. ತನಿಖೆಯನ್ನು ಪ್ರಶ್ನಿಸುವುದೆಂದರೆ ಭಯೋತ್ಪಾದಕರ ಪರ ವಾದಿಸುವುದೆಂದು ಹೇಳುವವರು ಈ ಎರಡೂ ಕಡೆಯ ಮನೆಗಳ ಬಾಗಿಲಲ್ಲಿ ನಿಂತು ಮಾತಾಡಬೇಕು.

ಈಚಿನ ವರ್ಷಗಳಲ್ಲಿ ಬಾಗಿಲು ಇನ್ನಷ್ಟು ಬಿಗಿಯಾಗಿದೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪಡೆಯ 40 ಜವಾನರು ಸತ್ತರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಮಗನೂ ಇದ್ದ. ಅಷ್ಟೊಂದು ಸ್ಫೋಟಕ ಅಲ್ಲಿಗೆ ಹೇಗೆ ಬಂತು, ಅಷ್ಟು ಜನರನ್ನು ರಸ್ತೆಯಲ್ಲೇಕೆ ಸಾಗಿಸಿದರು ಎಂದು ಕೇಳಿದವರ ಬಾಯಿ ಮುಚ್ಚಿಸಲಾಯಿತು. ನಾಲ್ಕು ವರ್ಷಗಳ ನಂತರ, 2023ರ ಏಪ್ರಿಲಿನಲ್ಲಿ, ದಾಳಿಯ ಸಮಯದಲ್ಲಿ ಅಲ್ಲಿನ ರಾಜ್ಯಪಾಲರಾಗಿದ್ದ ಸತ್ಯಪಾಲ್ ಮಲಿಕ್, ಪಡೆ ವಿಮಾನ ಕೇಳಿತ್ತು, ಗೃಹ ಇಲಾಖೆ ಕೊಡಲಿಲ್ಲ, ಈ ಬಗ್ಗೆ ಸುಮ್ಮನಿರಲು ತನಗೆ ಹೇಳಲಾಯಿತು ಎಂದು ಸಂದರ್ಶನದಲ್ಲಿ ಆರೋಪಿಸಿದರು. ಆರೋಪ ನಿಜವೋ ಸುಳ್ಳೋ ತಿಳಿಯಲು ಬಹಿರಂಗ ವಿಚಾರಣೆಯೊಂದೇ ದಾರಿ. 2020ರ ಜೂನ್ 15ರಂದು ಗಲ್ವಾನಿನಲ್ಲಿ 20 ಯೋಧರು ಮಡಿದರು. ನಾಲ್ಕು ದಿನಗಳ ನಂತರ ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ, ನಮ್ಮ ನೆಲಕ್ಕೆ ಯಾರೂ ನುಗ್ಗಿಲ್ಲ ಎಂದರು. ಹಾಗಾದರೆ ಯೋಧರು ಸತ್ತದ್ದೇಕೆ ಎಂಬ ಪ್ರಶ್ನೆಗೆ ಮರುದಿನ ಪ್ರಧಾನಿ ಕಚೇರಿ ಸ್ಪಷ್ಟನೆ ಕೊಡಬೇಕಾಯಿತು. ಸಂಸತ್ತಿನಲ್ಲಿ ರಕ್ಷಣಾ ಸಚಿವರು ಹೇಳಿಕೆ ಓದಿದರು. 1962ರ ಮಾದರಿಯ ಚರ್ಚೆ ನಡೆಯಲಿಲ್ಲ.

2025ರ ಏಪ್ರಿಲ್ 22ರಂದು ಪಹಲ್‌ಗಾಮಿನ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಕೊಂದರು. ಕರ್ನಾಟಕದಿಂದ ಪ್ರವಾಸ ಹೋಗಿದ್ದವರೂ ಸತ್ತವರಲ್ಲಿದ್ದರು. ಧರ್ಮ ಕೇಳಿ ಕೊಂದ ಆ ಪಾತಕಿಗಳನ್ನು ತಡೆಯಲು ಹೋದ ಸ್ಥಳೀಯ ಮುಸ್ಲಿಂ ಕುದುರೆಯಾಳೂ ಜೀವ ಕಳೆದುಕೊಂಡ. ಅಷ್ಟು ಜನ ಸೇರುವ ಜಾಗದಲ್ಲಿ ಒಬ್ಬ ಕಾವಲುಗಾರನೂ ಏಕಿರಲಿಲ್ಲ ಎಂಬುದು ಗಂಡನ ಹೆಣದ ಪಕ್ಕ ಕುಳಿತ ಹೆಂಡತಿಯರ ಪ್ರಶ್ನೆಯಾಗಿತ್ತು. ವಿಶೇಷ ಅಧಿವೇಶನ ಕರೆಯಿರೆಂದು ವಿರೋಧ ಪಕ್ಷಗಳು ಕೇಳಿದವು. ಕರೆಯಲಿಲ್ಲ. ಜುಲೈ ಕೊನೆಯ ಮಾಮೂಲಿ ಅಧಿವೇಶನದಲ್ಲಿ, ಮೂರು ತಿಂಗಳ ನಂತರ, ಚರ್ಚೆಯಾಯಿತು. ಅದೇ ತಿಂಗಳು ಜಮ್ಮು ಕಾಶ್ಮೀರದ ಉಪರಾಜ್ಯಪಾಲ ಮನೋಜ್ ಸಿನ್ಹಾ ಅದು ಭದ್ರತಾ ವೈಫಲ್ಯವೇ ಹೌದು, ಹೊಣೆ ನನ್ನದು ಎಂದರು. ಒಳ್ಳೆಯ ಮಾತು. ಆದರೆ ಆ ಮಾತಿನ ಹಿಂದೆ ಯಾವ ರಾಜೀನಾಮೆಯೂ ಬರಲಿಲ್ಲ. ಇದರ ನಡುವೆ ಬೇರೆ ಬೇರೆ ಊರುಗಳಲ್ಲಿ ಓದುತ್ತಿದ್ದ ಕಾಶ್ಮೀರಿ ವಿದ್ಯಾರ್ಥಿಗಳು ಪೆಟ್ಟು ತಿಂದರು, ಕೋಣೆ ಖಾಲಿ ಮಾಡಿದರು. ಮದುವೆಯಾದ ವಾರದಲ್ಲೇ ಗಂಡನನ್ನು ಕಳೆದುಕೊಂಡ ನೌಕಾಪಡೆಯ ಅಧಿಕಾರಿಯ ಪತ್ನಿ, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ, ನಮಗೆ ನ್ಯಾಯ ಬೇಕು ಎಂದು ಹೇಳಿದ್ದಕ್ಕೆ ಅಂತರ್ಜಾಲದಲ್ಲಿ ಹೀನಾಯವಾಗಿ ನಿಂದಿಸಲ್ಪಟ್ಟಳು. ದೇವಳಿಗೆ ಹೋದ ರೈಲು ಇನ್ನೂ ಓಡುತ್ತಿದೆ ಎನಿಸುವುದು ಇಂಥ ಹೊತ್ತಿನಲ್ಲಿ.

ಪ್ರಶ್ನೆಯನ್ನು ವಿರೋಧಿಸುವವರ ವಾದದಲ್ಲೂ ಒಂದು ಸತ್ಯಾಂಶವಿದೆ. ಯಾವ ತುಕಡಿ ಎಲ್ಲಿದೆ, ನಾಳೆ ಎಲ್ಲಿಗೆ ಹೊರಟಿದೆ ಎಂಬುದು ಗುಟ್ಟಾಗಿರಲೇಬೇಕು. ಅದನ್ನು ಯಾವ ವಿವೇಕಿಯೂ ಕೇಳುವುದಿಲ್ಲ. ಆದರೆ ಸರಕಾರದ ಮರ್ಯಾದೆ ಸೇನೆಯ ಗುಟ್ಟಲ್ಲ. 1962ರ ಸೋಲಿನ ವರದಿ 60 ವರ್ಷಗಳ ನಂತರವೂ ಗುಟ್ಟಾಗಿರುವುದರಿಂದ ಲಾಭವಾಗುವುದು ಸೈನಿಕನಿಗಲ್ಲ. ಸೈನಿಕ ಶಿಸ್ತಿಗೆ ಕಟ್ಟುಬಿದ್ದವನು. ಚಳಿಗೆ ಕೋಟಿಲ್ಲವೆಂದು ಅವನು ಬೀದಿಯಲ್ಲಿ ಕೂಗುವಂತಿಲ್ಲ. ಅವನಿಗೆ ಬಾಯಿಲ್ಲ, ಆದ್ದರಿಂದಲೇ ಪ್ರಜೆಗೆ ಬಾಯಿ ಬೇಕು. ಪ್ರಜೆಯೂ ಬಾಯಿ ಮುಚ್ಚಿಕೊಂಡರೆ ನಮ್ಕಾ ಚೂ ದಂಡೆಯಲ್ಲಿ ನಿಂತವನ ಪರ ಮಾತಾಡುವವರು ಯಾರು?

ಆ ಪ್ರಜೆಯ ಹೆಸರು ಏನಾದರೂ ಇರಬಹುದು. ತೆರಿಗೆ ಕಟ್ಟುವಾಗ ಕೇಳದ ಹೆಸರನ್ನು ಪ್ರಶ್ನೆ ಕೇಳಿದಾಗ ಮಾತ್ರ ಕೇಳುವುದು ನ್ಯಾಯವಲ್ಲ. ಮುಸ್ಲಿಮನೊಬ್ಬ ಗಡಿಯ ಲೋಪವನ್ನೋ ತನಿಖೆಯ ಲೋಪವನ್ನೋ ಎತ್ತಿದರೆ ಮೊದಲು ತನ್ನ ನಿಷ್ಠೆಗೆ ಪ್ರಮಾಣಪತ್ರ ತೋರಿಸಬೇಕಾದ ಸ್ಥಿತಿ ಇದೆ. ಹೀಗಾಗಿ ಬಹಳ ಮಂದಿ ಕೇಳುವುದನ್ನೇ ಬಿಟ್ಟಿದ್ದಾರೆ. ಇದು ಒಂದು ಸಮುದಾಯದ ನಷ್ಟವೆಂದು ಯಾರೂ ನೆಮ್ಮದಿಪಡಬಾರದು. ಮೊದಲು ಒಬ್ಬರ ಬಾಯಿ ಮುಚ್ಚಿಸುವ ಮಾತು ನಂತರ ನಿವೃತ್ತ ಸೇನಾನಿಗೂ, ಹುತಾತ್ಮನ ಹೆಂಡತಿಗೂ ತಪ್ಪದೆ ಅನ್ವಯಿಸುತ್ತದೆ. ಅದನ್ನು ಈಗಾಗಲೇ ಕಂಡಿದ್ದೇವೆ.

'ಹಿಮಾಲಯನ್ ಬ್ಲಂಡರ್' ಇನ್ನೂ ಹತ್ತು ಮುದ್ರಣ ಕಾಣಲಿ. ಹೊಸ ತಲೆಮಾರು ಅದನ್ನು ಓದಲಿ. ಆದರೆ ನೆಹರೂ ಹೆಸರಿರುವಲ್ಲೆಲ್ಲ ಇಂದಿನ ಅಧಿಕಾರಸ್ಥರ ಹೆಸರಿಟ್ಟು ಅದೇ ಪ್ರಶ್ನೆಗಳನ್ನು ಕೇಳುವ ಧೈರ್ಯ ಬರುತ್ತದೆಯೇ ಎಂದು ಓದುಗ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ. ಬಾರದಿದ್ದರೆ ಅವನು ಓದಿದ್ದು ಇತಿಹಾಸವನ್ನಲ್ಲ, ತನಗಾಗದವರ ಮೇಲಿನ ದೂರನ್ನು ಮಾತ್ರ. ಬಂದರೆ, ಅವನು ಮೊದಲು ಕೇಳಬೇಕಾದದ್ದು ಚಿಕ್ಕದು: ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಕಪಾಟಿನಿಂದ ತೆಗೆಯಿರಿ. 1962ರ ಸತ್ಯ ಹೇಳಲು ಅಂಜುವ ಸರಕಾರ 2020ರ, 2025ರ ಸತ್ಯವನ್ನು ಹೇಳುತ್ತದೆಂದು ನಂಬುವುದು ಹೇಗೆ?